ಹೆಂಪ್ ಎಣ್ಣೆ: ಬೀಜದ್ದೋ ಎಲೆಯದ್ದೋ ನೋಡಿ ಕೊಳ್ಳಿ

ಸಿರುಗುಪ್ಪ ಕಡೆಯ ಹಿರಿಯರೊಬ್ಬರು ಮೊಣಕಾಲು ನೋವಿಗೆಂದು ಆನ್‌ಲೈನ್‌ನಲ್ಲಿ 30 ಮಿಲಿ ಹೆಂಪ್ (ಗಾಂಜಾ ಜಾತಿಯ ಗಿಡ) ಎಣ್ಣೆ ತರಿಸಿದರು. ಬೆಲೆ 2,200 ರೂಪಾಯಿ. ಎರಡು ತಿಂಗಳು ನಾಲಿಗೆ ಕೆಳಗೆ ಹನಿ ಬಿಟ್ಟುಕೊಂಡರೂ ನೋವು ಇದ್ದಲ್ಲೇ ಇತ್ತು. ಬಾಟಲಿ ತಿರುಗಿಸಿದರೆ ಹಿಂಬದಿಯಲ್ಲಿ ಇರುವೆ ಸಾಲಿನಂಥ ಅಕ್ಷರ: ‘ಹೆಂಪ್ ಬೀಜದ ಎಣ್ಣೆ’, ಪಕ್ಕದಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರು. ಅದು ಔಷಧಿಯೇ ಅಲ್ಲ, ಆಹಾರ.

ಮೋಸ ಎಲ್ಲಿದೆ ಅಂತ ಲೆಕ್ಕ ಹಾಕಿ ನೋಡಿ. 2021ರ ಎಫ್‌ಎಸ್‌ಎಸ್‌ಎಐ ನಿಯಮದಂತೆ ಹೆಂಪ್ ಬೀಜದ ಪದಾರ್ಥದಲ್ಲಿ ಸಿಬಿಡಿ (ನೋವು ತಗ್ಗಿಸುತ್ತದೆಂದು ಹೇಳಿ ಮಾರುವ, ಆ ಗಿಡದ ಅಂಶ) ಕಿಲೋಗೆ 75 ಮಿಲಿಗ್ರಾಂ ಮೀರುವಂತಿಲ್ಲ. ಅಮಲು ತರುವ ಟಿಎಚ್‌ಸಿ ಬೀಜದೆಣ್ಣೆಯಲ್ಲಿ ಕಿಲೋಗೆ 10 ಮಿಲಿಗ್ರಾಂ ದಾಟುವಂತಿಲ್ಲ. 30 ಮಿಲಿ ಎಣ್ಣೆ ತೂಗುವುದು ಸುಮಾರು 28 ಗ್ರಾಂ. ಅದರಲ್ಲಿ ಸಿಬಿಡಿ ಹೆಚ್ಚೆಂದರೆ 2 ಮಿಲಿಗ್ರಾಂ. ಇಡೀ ಬಾಟಲಿ ಒಂದೇ ಸಲ ಕುಡಿದರೂ ಅಷ್ಟೇ! ಮುಂಬದಿಯ ದಪ್ಪಕ್ಷರದ ‘1000 ಮಿಲಿಗ್ರಾಂ’ ಸಿಬಿಡಿಯ ತೂಕವಲ್ಲ.

ಮಾರಾಟದ ಪುಟದ ಕನ್ನಡವೂ ದಾರಿ ತಪ್ಪಿಸುತ್ತದೆ. ‘ಸೆಣಬಿನ ಎಣ್ಣೆ’ ಎಂದು ಬರೆದಿರುತ್ತಾರೆ. ನಮ್ಮ ಕಡೆ ಗದ್ದೆಗೆ ಹಸಿರೆಲೆ ಗೊಬ್ಬರಕ್ಕೆಂದು ಬಿತ್ತುವ ಸೆಣಬು ಬೇರೆ, ಪಲ್ಯದ ಪುಂಡಿ ಬೇರೆ. ಹೆಂಪ್ ಗಾಂಜಾ ಜಾತಿಯದೇ ಗಿಡ.

ಎಲೆಯ ಸಾರದ ಔಷಧಿ ‘ವಿಜಯಾ’ ಹೆಸರಲ್ಲಿ ಬರುತ್ತದೆ. ಅದರ ಮೇಲೆ ಆಯುಷ್ ತಯಾರಿಕಾ ಲೈಸೆನ್ಸ್ ನಂಬರು, ವೈದ್ಯರ ನಿಗಾದಲ್ಲೇ ತಗೊಳ್ಳಬೇಕೆಂಬ ಎಚ್ಚರಿಕೆ ಎರಡೂ ಇರಬೇಕು. ಆಯುರ್ವೇದ ವೈದ್ಯರ ಚೀಟಿ ಕೇಳದೆ ಮಾರುವವರ ಹತ್ತಿರ ಕೊಳ್ಳಲೇಬೇಡಿ. ಹೃದಯದ ತೊಂದರೆಗೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ನುಂಗುವವರು ಇನ್ನೂ ಹುಷಾರಾಗಿರಬೇಕು: ದೇಹ ಆ ಮಾತ್ರೆಯನ್ನು ಒಡೆದು ಹೊರಹಾಕುವುದನ್ನು ಸಿಬಿಡಿ ತಡೆದು, ರಕ್ತ ಸೋರುವ ಅಪಾಯ ಹೆಚ್ಚಿಸುತ್ತದೆ.

ವಿದೇಶದ ಹೆಂಪ್ ಗಮ್ಮಿಗಳ (ಜೆಲ್ಲಿ ಮಿಠಾಯಿ) ಸಹವಾಸವಂತೂ ಬೇಡವೇ ಬೇಡ. ಅಮೆರಿಕದ 2018ರ ಕೃಷಿ ಕಾಯ್ದೆ ಹೆಂಪ್‌ಗೆ ಇಟ್ಟಿದ್ದ ಮಿತಿ ಒಣ ತೂಕದ ಶೇ 0.3 ಟಿಎಚ್‌ಸಿ. ಒಣ ಎಲೆಗೆ ಅದು ಸಣ್ಣದು; 5 ಗ್ರಾಂನ ಗಮ್ಮಿಗೆ ಅದೇ ಲೆಕ್ಕ ಹಾಕಿದರೆ 15 ಮಿಲಿಗ್ರಾಂ, ಹೊಸಬರಿಗೆ ತಲೆ ತಿರುಗಿ ಬೀಳುವಷ್ಟು. ಅಲ್ಲಿ ಅಂಗಡಿಯಲ್ಲಿ ಸಿಗುತ್ತದೆಂದು ತರಿಸಿಕೊಂಡರೆ ಇಲ್ಲಿ ಮಾದಕವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಕೇಸು ಬೀಳಬಹುದು.

ಆ ಹಿರಿಯರಿಗೆ ದುಡ್ಡು ವಾಪಸ್ ಬರಲಿಲ್ಲ. ‘ಲೇಬಲ್ ಸರಿಯಾಗೇ ಇದೆ, ಸೀಲ್ ಒಡೆದಿದೆ’ ಎಂಬ ಉತ್ತರ ಬಂತು. ಲೇಬಲ್ ಸರಿಯಿದ್ದರೂ ಆಹಾರವನ್ನು ನೋವಿನ ಮದ್ದೆಂದು ಜಾಹೀರಾತು ಮಾಡುವುದು ತಪ್ಪು. ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷದವರೆಗೆ ದಂಡವಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು. ಅದಕ್ಕೆ ಬಿಲ್ಲು, ಬಾಟಲಿಯ ಜೊತೆ ಜಾಹೀರಾತಿನ ಸ್ಕ್ರೀನ್‌ಶಾಟ್ ಬೇಕು. ದುಡ್ಡು ಕಟ್ಟುವ ಮುಂಚೆಯೇ ತೆಗೆದಿಟ್ಟುಕೊಳ್ಳಿ, ಆಮೇಲೆ ಆ ಪುಟ ಸಿಗದೆ ಹೋಗಬಹುದು.