ಬುರುಡೆ ಸೆಟ್ ಸೂಪರ್, ಆದ್ರೆ ಮರಿ ಬುರುಡೆ ಎಲ್ಲಿ?

ಗೊರಿಲ್ಲಾ, ಚಿಂಪಾಂಜಿ, ಗಿಬ್ಬನ್ (ಬಾಲ ಇಲ್ದಿರೋ ಚಿಕ್ಕ ವಾನರ), ಮೂರರಲ್ಲೂ ಒಂದು ಗಂಡು ಒಂದು ಹೆಣ್ಣು, ಒಟ್ಟು 6 ತಲೆಬುರುಡೆ, ಎಲ್ಲಾ ರೆಸಿನ್‌ದು, ಜೊತೆಗೊಂದು ಚಾರ್ಟು, ಒಂದು ಪುಸ್ತಿಕೆ. ತರಿಸಿ ಎರಡು ತಿಂಗಳಾಯ್ತು. ಮೊದಲ ದಿನದ ಖುಷೀಲಿ ಬರೆದಿದ್ರೆ ಐದು ಸ್ಟಾರ್ ಕೊಟ್ಬಿಡ್ತಿದ್ದೆ, ಅದಕ್ಕೇ ಕಾದೆ.

ಗಂಡು ಗೊರಿಲ್ಲಾ ಬುರುಡೆ ಬಾಕ್ಸಿಂದ ಎತ್ತೋಕೆ ಎರಡೂ ಕೈ ಬೇಕು. ನೆತ್ತಿ ಮೇಲೆ ಮುಂದಿಂದ ಹಿಂದಕ್ಕೆ ಒಂದು ಮೂಳೆ ಏಣು ಇರುತ್ತಲ್ಲ, ದವಡೆ ಆಡಿಸೋ ಸ್ನಾಯು ಅಂಟ್ಕೊಳ್ಳೋ ಜಾಗ, ಅದ್ರ ಮೇಲೆ ಬೆರಳಾಡಿಸಿದ್ರೆ ಒರಟು ಸಮೇತ ಸಿಗುತ್ತೆ, ಅಷ್ಟು ಚೆನ್ನಾಗಿ ಅಚ್ಚು ತೆಗ್ದಿದಾರೆ. ಪಕ್ಕದಲ್ಲಿ ಹೆಣ್ಣಿಂದು ಇಟ್ಟೆ. ನುಣ್ಣಗೆ, ಚಿಕ್ಕದು, ಕೋರೆಹಲ್ಲೂ ಚಿಕ್ಕವು. ನನ್ನ ಮಗಳು ನೋಡಿ "ಇದು ಅಪ್ಪಂದು, ಇದು ಮಗೂದಾ?" ಅಂದ್ಳು. ತಪ್ಪಲ್ಲ ಬಿಡಿ, ಬೆಳೆದ ಗಂಡು 160 ಕೆಜಿ ಆಚೀಚೆ ತೂಗುತ್ತೆ, ಹೆಣ್ಣು ಹೆಚ್ಚುಕಮ್ಮಿ ಅದ್ರ ಅರ್ಧ.

ಚಿಂಪಾಂಜಿ ಜೋಡೀಲಿ ವ್ಯತ್ಯಾಸ ಇದೆ, ಇಷ್ಟೊಂದಿಲ್ಲ. ಗಿಬ್ಬನ್ ಕಥೆ ಕೇಳಿ. ಒಂದೇ ವಾರಕ್ಕೆ ಎರಡರ ಸ್ಟಿಕ್ಕರೂ ಕಿತ್ಕೊಂಡ್ ಬಂತು, ಅವತ್ತಿಂದ ಯಾವ್ದು ಗಂಡು ಯಾವ್ದು ಹೆಣ್ಣು ಅಂತ ನಂಗೆ ಗೊತ್ತಿಲ್ಲ! ಎರಡೂ ಒಂದೇ ಸೈಜು, ಎರಡಕ್ಕೂ ಚೂರಿ ಥರ ಉದ್ದ ಕೋರೆಹಲ್ಲು. ಜೋಡಿಯಾಗಿ ಬದುಕೋ ಪ್ರಾಣಿ, ತಮ್ಮ ಜಾಗ ಕಾಯೋದು ಇಬ್ರೂ ಸೇರಿ. ಗೊರಿಲ್ಲಾದಲ್ಲಿ ಹಾಗಲ್ಲ, ಒಂದು ಗುಂಪಿನ ಹೆಣ್ಣುಗಳಿಗಾಗಿ ಗಂಡುಗಳ ನಡುವೆ ಪೈಪೋಟಿ, ದೊಡ್ಡದಾಗಿದ್ದೋನೇ ಗೆಲ್ಲೋದು. ಡಾರ್ವಿನ್ 1871ರಲ್ಲೇ ಈ ವಾದ ಹೂಡಿದ್ದ. ಪುಸ್ತಿಕೇಲಿ ಮಾತ್ರ "ಗಂಡಿಗೆ ಶಕ್ತಿ ಜಾಸ್ತಿ, ಆದ್ದರಿಂದ ಗಾತ್ರ ದೊಡ್ಡದು" ಅಂತ ಒಂದೇ ಸಾಲು. ಶಕ್ತಿ ಯಾಕೆ ಜಾಸ್ತಿ ಅಂದ್ರೆ ಗಾತ್ರ ದೊಡ್ಡದು ಅಂತಾರೇನೋ!

ನನ್ನ ದೊಡ್ಡ ತಕರಾರು ಇದಲ್ಲ. ಆರೂ ಬೆಳೆದು ನಿಂತ ಬುರುಡೆಗಳೇ, ಮರೀದು ಒಂದೂ ಇಲ್ಲ, ಚಾರ್ಟಲ್ಲೂ ಬರೀ ಕೊನೇ ತೂಕದ ಕಂಬಗಳು. ಗೊರಿಲ್ಲಾ ಮರಿಗಳು ಚಿಕ್ಕವಿದ್ದಾಗ ಗಂಡು ಹೆಣ್ಣು ಹೆಚ್ಚುಕಮ್ಮಿ ಒಂದೇ ಥರ, ಆಮೇಲೆ ಹೆಣ್ಣು ಬೇಗ ಬೆಳವಣಿಗೆ ನಿಲ್ಸಿ ಮರಿ ಹಾಕೋಕೆ ಹಾಲೂಡ್ಸೋಕೆ ಶಕ್ತಿ ಹಾಕುತ್ತೆ, ಗಂಡು ಇನ್ನೂ ಕೆಲವು ವರ್ಷ ಬೆಳೀತಾನೇ ಇರುತ್ತೆ, ಬೆನ್ನು ಬೆಳ್ಳಗಾಗೋ (ಗಂಡು ಬಲಿತಿದ್ದಕ್ಕೆ ಅದೇ ಗುರುತು) ಹೊತ್ತಿಗೆ 12-13 ವರ್ಷ ದಾಟಿರುತ್ತೆ. ಬೇರೆ ಕೆಲವು ಜಾತಿಗಳಲ್ಲಿ ಅವಧಿ ಹತ್ರಹತ್ರ ಒಂದೇ, ಗಂಡು ಬೆಳೆಯೋ ಸ್ಪೀಡೇ ಜಾಸ್ತಿ. ಎರಡು ದಾರೀಲೂ ಕೊನೆಗೆ ದೊಡ್ಡ ಗಂಡೇ ಬರುತ್ತೆ, ಕಂಬ ನೋಡಿದ್ರೆ ಯಾವ ದಾರೀಲಿ ಬಂತು ಅಂತ ಗೊತ್ತಾಗೋದು ಹೇಗೆ? ನಮ್ಮಲ್ಲೇ ನೋಡಿ, 11-12ನೇ ವಯಸ್ಸಲ್ಲಿ ಕ್ಲಾಸಲ್ಲಿ ಹುಡುಗೀರೇ ಎತ್ತರ ಇರ್ತಾರೆ, ಆಮೇಲೆ ಹುಡುಗರು ಲೇಟಾಗಿ ಶುರುಮಾಡಿ ಜಾಸ್ತಿ ದಿನ ಬೆಳೆದು ಹಿಂದೆ ಹಾಕ್ತಾರೆ. ವಯಸ್ಸಿನ ಪ್ರಕಾರ ಎರಡು ಗೆರೆ ಎಳೆದಿದ್ರೆ ಸಾಕಿತ್ತು.

ಒರಾಂಗುಟಾನ್ ಬಿಟ್ಟಿದ್ದೂ ಬೇಜಾರು. ಅದ್ರಲ್ಲಿ ಕೆಲವು ಗಂಡುಗಳು ವರ್ಷಾನುಗಟ್ಲೆ, ದೊಡ್ಡ ಗಂಡುಗಳಿಗೆ ಮುಖದ ಎರಡೂ ಕಡೆ ಬರೋ ಕೆನ್ನೆ ದಿಂಬು ಬೆಳೆಸದೇ ಚಿಕ್ಕವಾಗೇ ಉಳೀತವೆ, ಆದ್ರೂ ಮರಿ ಹುಟ್ಟಿಸ್ತವೆ.

ಒಂದು ದವಡೆ ಮುರಿದು ಬಂದಿತ್ತು, ಫೋಟೋ ಕಳ್ಸಿದ ಮೇಲೆ ತಕರಾರಿಲ್ದೆ ಬದಲಿ ಕಳ್ಸಿದ್ರು. ಮರಿ ಬುರುಡೆ ಕೇಳಿದ್ದಕ್ಕೆ "ಸದ್ಯಕ್ಕಿಲ್ಲ" ಅಂದ್ರು. ಬುರುಡೆಗೆ 5, ಪುಸ್ತಿಕೆಗೆ 1, ಒಟ್ಟು ಮೂರೂವರೆ. ಗಿಬ್ಬನ್‌ಗಳಿಗೆ ಹೊಸ ಸ್ಟಿಕ್ಕರ್ ಕೇಳೋಕೆ ಹೋಗಿಲ್ಲ, ಬಂದೋರಿಗೆಲ್ಲ "ಇದ್ರಲ್ಲಿ ಗಂಡು ಯಾವ್ದು ಹೇಳಿ" ಅಂತ ಕೇಳ್ತಿದೀನಿ.