ನಾಲ್ಕು ದಿನದ ಕ್ವಾರಂಟೈನ್: ಸಮುದ್ರದ ಮೀನು ಸಾಕುವವರ ಗಮನಕ್ಕೆ

ಕಳೆದ ವರ್ಷ ಆಷಾಢದ ಒಂದು ಶನಿವಾರ ಸಂಜೆ ಮನೆಗೆ ತಂದ ಒಂದೇ ಒಂದು ಮೀನಿನಿಂದಾಗಿ, ಮೂರು ವರ್ಷ ಜತನದಿಂದ ನೋಡಿಕೊಂಡಿದ್ದ ನನ್ನ ಉಪ್ಪುನೀರಿನ ತೊಟ್ಟಿಯಲ್ಲಿ ಹದಿನೈದು ದಿನಗಳೊಳಗೆ ಏಳರಲ್ಲಿ ಐದು ಮೀನುಗಳು ಸತ್ತುಹೋದವು. ಕ್ವಾರಂಟೈನ್ ಮಾಡದೆ ಹೊಸ ಮೀನನ್ನು ಬಿಟ್ಟು ಕೆಟ್ಟೆ ಎಂದಿದ್ದರೆ ಇದನ್ನು ಬರೆಯುವ ಅಗತ್ಯವಿರಲಿಲ್ಲ, ಏಕೆಂದರೆ ಹಾಗೆ ಮಾಡಬಾರದೆಂಬುದು ಈ ಹವ್ಯಾಸಕ್ಕೆ ಇಳಿದವರಿಗೆಲ್ಲ ಗೊತ್ತು. ನಾನು ಕ್ವಾರಂಟೈನ್ ಮಾಡಿದ್ದೆ. ಅದನ್ನು ಯಾವ ಸಿದ್ಧತೆಯೂ ಇಲ್ಲದೆ ಆರಂಭಿಸಿ, ನಾಲ್ಕನೆಯ ದಿನಕ್ಕೆ ಕೈಬಿಟ್ಟಿದ್ದೆ. ಅಂಗಡಿಯಲ್ಲಿ ಮೀನನ್ನು ಆರಿಸಿದ ಗಳಿಗೆಯಿಂದ ಹಿಡಿದು ಎಲ್ಲೆಲ್ಲಿ ಎಡವಿದೆ ಎಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಬೆಂಗಳೂರಿನ ನಮ್ಮ ಮನೆಯಲ್ಲಿರುವುದು ನಾಲ್ಕು ಅಡಿ ಉದ್ದದ, ಸುಮಾರು 350 ಲೀಟರ್ ನೀರು ಹಿಡಿಯುವ ತೊಟ್ಟಿ. ಆರ್‌ಓ ನೀರಿಗೆ ಸಮುದ್ರದ ಉಪ್ಪಿನ ಪುಡಿ ಬೆರೆಸಿ, ಉಪ್ಪಿನಂಶವನ್ನು ರಿಫ್ರ್ಯಾಕ್ಟೋಮೀಟರ್ ಎಂಬ ಅಳತೆಯ ಉಪಕರಣದಲ್ಲಿ 1.025ಕ್ಕೆ (ಉಪ್ಪಿಲ್ಲದ ನೀರಿಗೆ ಇದು 1.000) ನಿಲ್ಲಿಸಿರುತ್ತೇನೆ. ಒಂದು ಜೋಡಿ ಕ್ಲೌನ್ ಮೀನು, ಪಿಸ್ತೂಲ್ ಸೀಗಡಿಯೊಡನೆ ಒಂದೇ ಬಿಲದಲ್ಲಿ ಸಂಸಾರ ಮಾಡುವ ಹಳದಿ ಗೋಬಿ, ಸಿಕ್ಸ್ ಲೈನ್ ರಾಸ್, ಕೋರಲ್ ಬ್ಯೂಟಿ ಏಂಜೆಲ್ ಮತ್ತು ಬಂಗ್ಗಾಯ್ ಕಾರ್ಡಿನಲ್, ಹೀಗೆ ಆರು ಮೀನುಗಳಿದ್ದವು. ಕಲ್ಲುಗಳ ಮೇಲೆ ಜೊವಾಂಥಿಡ್, ಮಶ್ರೂಮ್‌ನಂಥ ಮೃದು ಜೀವಿಗಳಷ್ಟೇ ಇವೆ. (ಗಟ್ಟಿ ಹವಳ ಮತ್ತು ಕಡಲಕುದುರೆ ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಅವನ್ನು ಕದ್ದುಮುಚ್ಚಿ ಮಾರುವವರಿಂದ ಬೇರೆ ಏನನ್ನೂ ಕೊಳ್ಳದಿರುವುದೇ ಲೇಸು.)

ನಾನು ಆಸೆಪಟ್ಟದ್ದು ಪೌಡರ್ ಬ್ಲೂ ಟ್ಯಾಂಗ್ ಎಂಬ ಮೀನಿಗೆ. ಮಾಲ್ಡೀವ್ಸ್, ಶ್ರೀಲಂಕಾ, ಲಕ್ಷದ್ವೀಪಗಳ ಸುತ್ತಲಿನ ಹವಳದ ದಿಬ್ಬಗಳಲ್ಲಿ ಬದುಕುವ ಈ ತಿಳಿನೀಲಿ ಮೀನಿನ ಬೆನ್ನಿನ ಹಳದಿ ರೆಕ್ಕೆಯನ್ನು ಒಮ್ಮೆ ನೋಡಿದವರು ಮರೆಯುವುದು ಕಷ್ಟ. ಆದರೆ ಇದು ಬೆಳೆದು ಸುಮಾರು 23 ಸೆಂಟಿಮೀಟರ್ ಆಗುತ್ತದೆ, ದಿನವಿಡೀ ಈಜುತ್ತಲೇ ಇರುತ್ತದೆ; ನಾಲ್ಕು ಅಡಿಯ ತೊಟ್ಟಿ ಇದಕ್ಕೆ ಸಾಲದು. ಪರಾವಲಂಬಿ ರೋಗಗಳಿಗೆ ಬಲುಬೇಗ ತುತ್ತಾಗುವ ಮೀನೆಂದು ಇದು ಹೆಸರಾಗಿದೆ. ಇವೆರಡೂ ನನಗೆ ಗೊತ್ತಿದ್ದವು. ಮುಂದೆ ದೊಡ್ಡ ತೊಟ್ಟಿ ಮಾಡಿಸಿದರಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಈ ಹವ್ಯಾಸದಲ್ಲಿ ಇಂಥ ಸಮಾಧಾನಗಳಿಗೆ ಬರವಿಲ್ಲ.

ಅಂಗಡಿಯಲ್ಲಿ ಮೀನು ಲವಲವಿಕೆಯಿಂದಿತ್ತು. ಹೊಟ್ಟೆ ಒಳಕ್ಕೆ ಸೇದಿಕೊಂಡಿರಲಿಲ್ಲ, ಕಣ್ಣು ತಿಳಿಯಾಗಿತ್ತು, ಮೈಮೇಲೆ ಒಂದು ಚುಕ್ಕೆಯೂ ಇರಲಿಲ್ಲ. "ಎರಡು ವಾರದಿಂದ ಇಲ್ಲೇ ಇದೆ ಸರ್, ತಿನ್ನೋದು ನೋಡಿ ಬೇಕಾದರೆ" ಎಂದು ಅಂಗಡಿಯವರು ಕಡಲಪಾಚಿಯ ಹಾಳೆಯ ಚೂರೊಂದನ್ನು ಕ್ಲಿಪ್ಪಿಗೆ ಸಿಕ್ಕಿಸಿ ಇಳಿಬಿಟ್ಟರು. ಮೀನು ಬಂದು ಕಿತ್ತು ತಿಂದಿತು. ಆರೋಗ್ಯವಂತ ಮೀನಿಗೆ ಇರಬೇಕೆಂದು ನಾನು ಓದಿಕೊಂಡಿದ್ದ ಲಕ್ಷಣಗಳೆಲ್ಲ ಅದಕ್ಕಿದ್ದವು. ನಾನು ನೋಡದೆ ಬಿಟ್ಟದ್ದು ಅದರ ಸುತ್ತಲಿನ ನೀರನ್ನು. ಆ ಸಾಲಿನ ಹನ್ನೆರಡು ತೊಟ್ಟಿಗಳಲ್ಲಿ ಎಲ್ಲಿಯೂ ಒಂದು ಬಸವನಹುಳುವಾಗಲಿ, ಸೀಗಡಿಯಾಗಲಿ, ಸನ್ಯಾಸಿ ಏಡಿಯಾಗಲಿ ಇರಲಿಲ್ಲ. ಅವೆಲ್ಲ ಎದುರು ಗೋಡೆಯ ಬೇರೊಂದು ಸಾಲಿನಲ್ಲಿದ್ದವು. ಮೀನಿನ ಸಾಲಿನ ನೀರಿಗೆ ತಾಮ್ರದ ಔಷಧಿ ಬೆರೆಸಿದ್ದರೆ ಹೀಗೆ ಬೇರೆ ಇಡಲೇಬೇಕಾಗುತ್ತದೆ, ಏಕೆಂದರೆ ತಾಮ್ರವು ಬೆನ್ನೆಲುಬಿಲ್ಲದ ಜೀವಿಗಳನ್ನು ಉಳಿಸುವುದಿಲ್ಲ. ತಿಂಗಳಾದ ಮೇಲೆ ಹೋಗಿ ಕೇಳಿದಾಗ ಕೆಲಸದ ಹುಡುಗ ಮುಚ್ಚುಮರೆಯಿಲ್ಲದೆ ಹೇಳಿದ: "ಎಲ್ಲ ತೊಟ್ಟಿಗೂ ಸ್ವಲ್ಪ ಸ್ವಲ್ಪ ಹಾಕಿರ್ತೀವಿ ಸರ್, ಇಲ್ಲದಿದ್ದರೆ ಮೀನು ನಿಲ್ಲಲ್ಲ."

ಆ "ಸ್ವಲ್ಪ ಸ್ವಲ್ಪ" ಎಂಬುದರಲ್ಲೇ ಅಪಾಯವಿದೆ. ರೋಗ ವಾಸಿಯಾಗಬೇಕಾದರೆ ತಾಮ್ರದ ಪ್ರಮಾಣ ಒಂದು ಮಟ್ಟದಲ್ಲಿ ವಾರಗಟ್ಟಲೆ ನಿಲ್ಲಬೇಕು. ಅದಕ್ಕಿಂತ ಕಡಿಮೆಯಿದ್ದರೆ ಪರಾವಲಂಬಿಗಳ ಸಂಖ್ಯೆ ತಗ್ಗುತ್ತದೆಯೇ ಹೊರತು ಅವು ನಿರ್ನಾಮವಾಗುವುದಿಲ್ಲ. ಮೀನು ಮಾರಾಟವಾಗುವವರೆಗೆ ಚೆನ್ನಾಗಿ ಕಾಣುತ್ತದೆ. ಉಪ್ಪಿನಂಶವನ್ನು ತಗ್ಗಿಸಿಡುವುದೂ ಅಂಗಡಿಗಳಲ್ಲಿ ಸಾಮಾನ್ಯ. ನನ್ನ ಮೀನು ಬಂದ ಚೀಲದ ನೀರು 1.018 ಇತ್ತು. ಅದನ್ನು ಹನಿಹನಿಯಾಗಿ ಒಂದು ಗಂಟೆಯಲ್ಲಿ 1.025ಕ್ಕೆ ಏರಿಸಿ ಬಿಟ್ಟೆ. ಉಪ್ಪು ಇಳಿದರೆ ಮೀನು ಸುಲಭವಾಗಿ ತಾಳಿಕೊಳ್ಳುತ್ತದೆ. ಏರಿಸುವಾಗ ಮಾತ್ರ ದಿನಗಳ ಲೆಕ್ಕದಲ್ಲಿ ಏರಿಸಬೇಕು. ಕ್ವಾರಂಟೈನ್ ತೊಟ್ಟಿಯ ನೀರನ್ನೇ ಮೊದಲು ಅಂಗಡಿಯ ನೀರಿನ ಮಟ್ಟಕ್ಕೆ ಹೊಂದಿಸಿಟ್ಟಿದ್ದರೆ ಈ ತೊಂದರೆಯೇ ಇರುತ್ತಿರಲಿಲ್ಲ. ಚೆನ್ನೈ, ಮುಂಬೈಗಳಿಂದ ಕೊರಿಯರ್‌ನಲ್ಲಿ ಮೀನು ತರಿಸುವವರಿಗೆ ಇದು ಇನ್ನೂ ಮುಖ್ಯ. ಹತ್ತಾರು ಗಂಟೆ ಮುಚ್ಚಿದ್ದ ಚೀಲದಲ್ಲಿ ಇಂಗಾಲದ ಡೈಆಕ್ಸೈಡ್ ಸೇರಿ ಪಿಎಚ್ ಇಳಿದಿರುವುದರಿಂದ, ಮೀನಿನ ವಿಸರ್ಜನೆಯಿಂದ ಅಲ್ಲಿ ಸೇರಿದ ಅಮೋನಿಯ ಅಷ್ಟಾಗಿ ಬಾಧಿಸಿರುವುದಿಲ್ಲ. ಚೀಲ ಬಿಚ್ಚಿದ ಮೇಲೆ ಆ ಅನಿಲ ಹೊರಹೋಗಿ ಪಿಎಚ್ ಏರುತ್ತಲೂ ಅದೇ ಅಮೋನಿಯ ವಿಷವಾಗುತ್ತದೆ. ಅಂಥ ಮೀನನ್ನು ಚೀಲದ ನೀರಿನಲ್ಲಿಯೇ ಇಟ್ಟು ಗಂಟೆಗಟ್ಟಲೆ ಹನಿ ಬಿಡುತ್ತ ಕೂರುವುದು ಅದನ್ನು ಸುಡುವುದಕ್ಕೆ ಸಮ.

ಇನ್ನು ನನ್ನ ಕ್ವಾರಂಟೈನ್. ಎರಡು ಅಡಿಯ ಹಳೆಯ ಗಾಜಿನ ತೊಟ್ಟಿಯನ್ನು ಶನಿವಾರ ಸಂಜೆಯೇ ತೊಳೆದು, ಹೊಸ ಉಪ್ಪುನೀರು ತುಂಬಿ, ಪೊಟ್ಟಣದಿಂದ ಆಗಷ್ಟೇ ತೆಗೆದ ಸ್ಪಂಜ್ ಫಿಲ್ಟರ್ ಹಾಕಿದ್ದೆ. ಅಮೋನಿಯವನ್ನು ಒಡೆಯುವ ಬ್ಯಾಕ್ಟೀರಿಯ ಹೊಸ ಸ್ಪಂಜಿನಲ್ಲಿ ಇರುವುದಿಲ್ಲ. ಅದು ನೆಲೆಯೂರುವುದಕ್ಕೆ ವಾರಗಳೇ ಬೇಕು. ಟ್ಯಾಂಗ್ ಹೊಟ್ಟೆಬಾಕ ಮೀನು. ಮಂಗಳವಾರ ರಾತ್ರಿ ಪರೀಕ್ಷಿಸಿದಾಗ ಅಮೋನಿಯ 1 ಪಿಪಿಎಂ (ಹತ್ತು ಲಕ್ಷದಲ್ಲಿ ಒಂದು ಭಾಗ) ತೋರಿಸಿತು, ಮೀನಿಗೆ ಅದು ಅಪಾಯದ ಮಟ್ಟ. ಬದಲಿಸೋಣವೆಂದರೆ ಕಲಸಿಟ್ಟ ಉಪ್ಪುನೀರು ಇಪ್ಪತ್ತು ಲೀಟರ್ ಮಾತ್ರ ಇತ್ತು. ಮೀನು ಚೆನ್ನಾಗಿಯೇ ಇದೆ, ಈ ತೊಟ್ಟಿಯೇ ಅದನ್ನು ಕೊಲ್ಲುತ್ತದೆ, ಆ ತೊಟ್ಟಿಯ ನೀರು ಸ್ವಚ್ಛವಾಗಿದೆ ಎಂದು ಲೆಕ್ಕ ಹಾಕಿ ಬುಧವಾರ ಬೆಳಿಗ್ಗೆ ಕಚೇರಿಗೆ ಹೊರಡುವ ಮುನ್ನ ಅದನ್ನು ದೊಡ್ಡ ತೊಟ್ಟಿಗೆ ಬಿಟ್ಟೆ. ನನ್ನಂತೆ ಅವಧಿಗೆ ಮುನ್ನ ಕ್ವಾರಂಟೈನ್ ಮುಗಿಸಿದ ಮೂವರ ಜೊತೆ ಆಮೇಲೆ ಮಾತಾಡಿದ್ದೇನೆ. ಮೂವರೂ ಮೀನನ್ನು ಹೊರತೆಗೆದದ್ದು ಇದೇ ಅಮೋನಿಯದ ಭಯಕ್ಕೆ.

ಆರು ದಿನ ಏನೂ ಆಗಲಿಲ್ಲ. ಏಳನೆಯ ದಿನ ಟ್ಯಾಂಗ್ ಅಲೆ ಎಬ್ಬಿಸುವ ಪಂಪಿನ ಎದುರು ಹೋಗಿ, ನೀರಿನ ರಭಸಕ್ಕೆ ಮುಖವೊಡ್ಡಿ, ಅಲ್ಲಿಂದ ಕದಲದೆ ಈಜುತ್ತ ನಿಂತಿತು. ಆಟವಾಡುತ್ತಿದೆ ಎಂದು ಮಗಳು ವಿಡಿಯೊ ಮಾಡಿಕೊಂಡಳು, ನಾನೂ ನಕ್ಕೆ. ಕಿವಿರಿನ ತುಂಬ ಪರಾವಲಂಬಿಗಳು ಅಂಟಿಕೊಂಡು ಉಸಿರು ಸಾಲದಾದಾಗ ಮೀನು ಹೀಗೆ ರಭಸದ ನೀರನ್ನು ಹುಡುಕಿಕೊಂಡು ಹೋಗುತ್ತದೆ ಎಂಬುದು ಮರುದಿನ ತಿಳಿಯಿತು. ಅಷ್ಟರಲ್ಲಿ ಕ್ಲೌನ್ ಜೋಡಿ ಊಟ ಬಿಟ್ಟಿತ್ತು, ಏಂಜೆಲ್ ಬೆಳಕಿನಿಂದ ಮರೆಯಾಗಿ ಕಲ್ಲಿನ ಸಂದಿ ಸೇರಿತ್ತು. ರಾತ್ರಿ ದೀಪಗಳನ್ನೆಲ್ಲ ಆರಿಸಿ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿದರೆ, ಟ್ಯಾಂಗಿನ ನೀಲಿ ಮೈಮೇಲೆ ಯಾರೋ ಸಣ್ಣ ಜರಡಿಯಲ್ಲಿ ಅರಿಸಿನ ಜರಡಿ ಹಿಡಿದಂತೆ ಹೊಂಬಣ್ಣದ ಪುಡಿ ಕಂಡಿತು. ನೇರ ಬೆಳಕಿನಲ್ಲಿ ಅದು ಏನೇನೂ ಕಾಣುತ್ತಿರಲಿಲ್ಲ.

ಅದು ವೆಲ್ವೆಟ್ ರೋಗ. ಅಮಿಲೂಡಿನಿಯಂ ಎಂಬ ಏಕಕೋಶ ಜೀವಿಯ ಕೆಲಸ. ಹೆಚ್ಚು ಜನರಿಗೆ ಪರಿಚಿತವಾದ ಇಕ್ ಎಂಬುದು ಬೇರೆ. ಅದರಲ್ಲಿ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆಗಳು ಎದ್ದು ಕಾಣುತ್ತವೆ, ಬಂದು ಹೋಗುತ್ತವೆ, ಚಿಕಿತ್ಸೆಗೆ ಒಂದಷ್ಟು ಸಮಯವೂ ಸಿಗುತ್ತದೆ. ವೆಲ್ವೆಟ್ ಮೊದಲು ಕಿವಿರನ್ನೇ ಹಿಡಿಯುವುದರಿಂದ ಎಷ್ಟೋ ಮೀನುಗಳು ಮೈಮೇಲೆ ಪುಡಿ ಕಾಣಿಸುವ ಮುನ್ನವೇ ಸಾಯುತ್ತವೆ. ಮೀನಿನಿಂದ ಕಳಚಿ ಬಿದ್ದ ಒಂದು ಕೋಶ ತಳದಲ್ಲಿ ಕುಳಿತು ಒಡೆದೊಡೆದು 256ರವರೆಗೆ ಮರಿಗಳನ್ನು ಬಿಡಬಲ್ಲದು. ಸಮುದ್ರದಲ್ಲಾದರೆ ಅವು ಚದುರಿಹೋಗುತ್ತವೆ; 350 ಲೀಟರಿನ ಗಾಜಿನ ಪೆಟ್ಟಿಗೆಯಲ್ಲಿ ಅವಕ್ಕೆ ಏಳೇ ಮೀನು.

ಗುರುವಾರ ಬೆಳಿಗ್ಗೆ ಟ್ಯಾಂಗ್ ಮತ್ತು ಕಾರ್ಡಿನಲ್ ಎರಡೂ ತಳದಲ್ಲಿ ಬಿದ್ದಿದ್ದವು. ತಾಮ್ರವನ್ನು ದೊಡ್ಡ ತೊಟ್ಟಿಗೆ ಸುರಿಯುವಂತಿಲ್ಲ. ಸೀಗಡಿ, ಬಸವನಹುಳು, ಮೃದು ಹವಳಗಳೆಲ್ಲ ಹೋಗುತ್ತವೆ, ಸುಣ್ಣದ ಕಲ್ಲುಗಳು ತಾಮ್ರವನ್ನು ಹೀರಿಕೊಂಡು ಅದರ ಪ್ರಮಾಣವನ್ನು ಒಂದೆಡೆ ನಿಲ್ಲಗೊಡುವುದಿಲ್ಲ. ಆದ್ದರಿಂದ ಉಳಿದ ಮೀನುಗಳನ್ನು ಹಿಡಿದು ಹೊರತೆಗೆಯಲೇಬೇಕಿತ್ತು. ಗೋಬಿಗಾಗಿ ಒಂದೊಂದೇ ಕಲ್ಲನ್ನು ಎತ್ತಿ ಬಕೆಟ್ಟಿಗೆ ಹಾಕುತ್ತ ಹೋದೆವು. ಮೂರು ವರ್ಷದಲ್ಲಿ ಒಂದಕ್ಕೊಂದು ಬೆಸೆದುಕೊಂಡಿದ್ದ ಕಲ್ಲುಗಳು, ಮರಳಿನ ಕೆಸರೆದ್ದು ನೀರೆಲ್ಲ ಹಾಲಿನಂತಾಯಿತು. ಕೊನೆಗೆ ಹೆಂಡತಿಯ ಕೈಯಲ್ಲಿದ್ದ ಹಿಟ್ಟಿನ ಡಬ್ಬಿಗೆ ಗೋಬಿ ತಾನಾಗಿ ನುಗ್ಗಿತು. ಆಗ ರಾತ್ರಿ ಒಂದೂವರೆ ಗಂಟೆ.

ಇಲ್ಲಿಯೂ ಒಂದು ತಪ್ಪು ಮಾಡಿದೆ, ಅದನ್ನೂ ಹೇಳಿಬಿಡುತ್ತೇನೆ. 120 ಲೀಟರಿನ ಪ್ಲಾಸ್ಟಿಕ್ ಟಬ್ಬಿನಲ್ಲಿ ತಾಮ್ರ ಬೆರೆಸಿದ ಮೇಲೆ ಅಮೋನಿಯ ಏರಿತೆಂದು, ಅಮೋನಿಯ ಮತ್ತು ಕ್ಲೋರಿನ್ ತೆಗೆಯುವ ದ್ರಾವಣವನ್ನು ಅದೇ ನೀರಿಗೆ ಹಾಕಿದೆ. ಈ ಬಗೆಯ ದ್ರಾವಣಗಳು ಕೆಲವು ತಾಮ್ರದ ಔಷಧಿಗಳ ಜೊತೆ ಸೇರಿದಾಗ ತಾಮ್ರವನ್ನು ಇನ್ನಷ್ಟು ವಿಷಕಾರಿಯಾದ ರೂಪಕ್ಕೆ ತಿರುಗಿಸುತ್ತವೆ. ಬಾಟಲಿಯ ಮೇಲಿನ ಸಣ್ಣ ಅಕ್ಷರಗಳನ್ನು ಓದಿದ್ದು ಮರುದಿನ. ರಾಸ್, ಏಂಜೆಲ್ ಮತ್ತು ಗಂಡು ಕ್ಲೌನ್ ಆ ಎರಡು ದಿನಗಳಲ್ಲಿ ಸತ್ತವು. ರೋಗದಿಂದಲೋ ನನ್ನ ಉಪಚಾರದಿಂದಲೋ ನಾನು ಹೇಳಲಾರೆ. ಉಳಿದದ್ದು ಹೆಣ್ಣು ಕ್ಲೌನ್ ಮತ್ತು ಹಿಟ್ಟಿನ ಡಬ್ಬಿಯ ಗೋಬಿ. ಅವು ಮೂವತ್ತು ದಿನ ತಾಮ್ರದಲ್ಲಿದ್ದವು. ದೊಡ್ಡ ತೊಟ್ಟಿಯನ್ನು 76 ದಿನ ಮೀನಿಲ್ಲದೆ ಖಾಲಿ ಬಿಟ್ಟೆ. ವೆಲ್ವೆಟ್ಟಿಗೆ ಅಷ್ಟು ದಿನ ಬೇಕಿಲ್ಲ, ಆರು ವಾರ ಸಾಕೆನ್ನುತ್ತಾರೆ. ಆದರೆ ಜೊತೆಗೆ ಇಕ್ ಕೂಡ ಬಂದಿಲ್ಲವೆಂದು ನಂಬುವ ಧೈರ್ಯ ಆಗ ನನಗಿರಲಿಲ್ಲ, ಮತ್ತು ಇಕ್‌ನ ಕೋಶಗಳು 72 ದಿನದವರೆಗೆ ಕಾದು ಕುಳಿತದ್ದು ದಾಖಲಾಗಿದೆ.

ಈಗ ಮಾಡುವ ಕ್ರಮ ಇದು. ಎರಡು ಸ್ಪಂಜುಗಳು ದೊಡ್ಡ ತೊಟ್ಟಿಯ ಸಂಪಿನಲ್ಲಿ, ಅಂದರೆ ಅದರ ನೀರು ಸೋಸುವ ಜೋಡಿ ತೊಟ್ಟಿಯಲ್ಲಿ, ವರ್ಷವಿಡೀ ಬಿದ್ದಿರುತ್ತವೆ. ಹೊಸ ಮೀನು ಬರುವ ದಿನ ಅದರಲ್ಲೊಂದು ಕ್ವಾರಂಟೈನ್ ತೊಟ್ಟಿಗೆ ಹೋಗುತ್ತದೆ, ತಾಮ್ರ ಕಂಡ ಸ್ಪಂಜು ಮತ್ತೆ ಸಂಪಿಗೆ ಬರುವುದಿಲ್ಲ. ನಲವತ್ತು ಲೀಟರ್ ಕಲಸಿದ ಉಪ್ಪುನೀರು ಸಿದ್ಧವಿಲ್ಲದಿದ್ದರೆ ಅಂಗಡಿಯ ಕಡೆ ತಲೆ ಹಾಕುವುದಿಲ್ಲ. ಕ್ವಾರಂಟೈನ್ ತೊಟ್ಟಿಯಲ್ಲಿ ಕಲ್ಲು, ಮರಳು ಇಲ್ಲ. ಅಡಗಲು ಹಾರ್ಡ್‌ವೇರ್ ಅಂಗಡಿಯ ಪಿವಿಸಿ ಎಲ್ಬೋಗಳು. ತಾಮ್ರವನ್ನು ಕೆಲವು ದಿನಗಳಲ್ಲಿ ನಿಧಾನವಾಗಿ ಏರಿಸಿ ಮೂವತ್ತು ದಿನ ನಿಲ್ಲಿಸುತ್ತೇನೆ. ನಾನು ಬಳಸುವುದು ಚೀಲೇಟೆಡ್ (ಬೇರೊಂದು ಅಣುವಿಗೆ ಕಟ್ಟಿಹಾಕಿದ) ತಾಮ್ರ, ಅದಕ್ಕೆ 2ರಿಂದ 2.5 ಪಿಪಿಎಂ ಬೇಕು. ಹಾಗೆ ಕಟ್ಟಿಹಾಕದ ಅಯಾನಿಕ್ ಬಗೆಯದಕ್ಕೆ ಸುಮಾರು 0.5 ಸಾಕು, ಚೀಲೇಟೆಡ್ ತಾಮ್ರದ ಲೆಕ್ಕವನ್ನು ಇದಕ್ಕೆ ಹಾಕಿದರೆ ಮೀನು ಸಾಯಬಹುದು. ತೊಟ್ಟಿ ಇರುವುದು ಬೇರೆ ಕೋಣೆಯಲ್ಲಿ, ಏಕೆಂದರೆ ಗಾಳಿಕಲ್ಲಿನ ಗುಳ್ಳೆಗಳು ಒಡೆದಾಗ ಹಾರುವ ಸೂಕ್ಷ್ಮ ಹನಿಗಳ ಮೂಲಕವೂ ವೆಲ್ವೆಟ್ ಹರಡಬಲ್ಲದು. ಅದರ ಬಲೆ, ಮಗ್ಗು, ಟವೆಲ್ಲುಗಳಿಗೆ ಕೆಂಪು ಟೇಪು ಸುತ್ತಿದ್ದೇನೆ. ಬಸವನಹುಳು, ಹವಳದ ತುಂಡುಗಳಿಗೆ ರೋಗ ಬರುವುದಿಲ್ಲವಾದರೂ ಅವುಗಳ ಚಿಪ್ಪು, ಬುಡಗಳಿಗೆ ಕೋಶಗಳು ಅಂಟಿ ಬರಬಹುದಾದ್ದರಿಂದ, ಅವಕ್ಕೂ ಮೀನಿಲ್ಲದ ಪುಟ್ಟ ತೊಟ್ಟಿಯಲ್ಲಿ, ದೊಡ್ಡ ತೊಟ್ಟಿಯನ್ನು ಖಾಲಿ ಬಿಟ್ಟಂತೆಯೇ, 76 ದಿನಗಳ ವಾಸ.

ಅಂಗಡಿಯವರೇ ಕ್ವಾರಂಟೈನ್ ಮಾಡಿಕೊಟ್ಟ ಮೀನು ಎಂದು ಹೆಚ್ಚು ಬೆಲೆಗೆ ಮಾರುವುದೂ ಈಗ ಶುರುವಾಗಿದೆ. ಅಂಥಲ್ಲಿ ನಾನು ಕೇಳುವುದು ಯಾವ ಔಷಧಿ, ಎಷ್ಟು ಪಿಪಿಎಂ, ಎಷ್ಟು ದಿನ, ಆ ನಡುವೆ ಅದೇ ನೀರಿಗೆ ಬೇರೆ ಮೀನು ಬಂದಿತ್ತೇ ಎಂಬುದನ್ನು. ಹೋದ ತಿಂಗಳು ಒಬ್ಬರು ತಮ್ಮ ಪುಸ್ತಕ ತೆರೆದು ದಿನವಹಿ ಬರೆದಿಟ್ಟ ಅಂಕಿಗಳನ್ನು ತೋರಿಸಿದರು. ಅವರಲ್ಲಿ ಕೊಂಡ, ತೊಟ್ಟಿಯಲ್ಲೇ ಹುಟ್ಟಿ ಬೆಳೆದ ಎಳೆಯ ಕ್ಲೌನ್ ಮೀನು ಹೆಣ್ಣಿಗೆ ಜೊತೆಯಾಗಲೆಂದು ಬಂದಿದೆ. ಪುಸ್ತಕ ನೋಡಿಯೂ ಅದನ್ನು ಕೆಂಪು ಟೇಪಿನ ತೊಟ್ಟಿಗೇ ಬಿಟ್ಟಿದ್ದೇನೆ; ಇಂದಿಗೆ ಹತ್ತೊಂಬತ್ತನೆಯ ದಿನ.