ಹಕ್ಕಿ ಫೋಟೋಗೆ ಅಂತ ವಾಸನೆ ಮುಚ್ಚುವ ಸ್ಪ್ರೇ ತರಿಸಬೇಡಿ

ಅವರೆಕಾಯಿ ಕಾಲದಲ್ಲಿ 1,800 ರೂಪಾಯಿ ಕೊಟ್ಟು ಆನ್‌ಲೈನ್‌ನಲ್ಲಿ ಒಂದು ಸ್ಪ್ರೇ ತರಿಸಿದೆ. ಹೊಡೆದುಕೊಂಡರೆ ಮನುಷ್ಯನ ವಾಸನೆ ಪ್ರಾಣಿ ಪಕ್ಷಿಗಳಿಗೆ ಗೊತ್ತಾಗುವುದಿಲ್ಲವಂತೆ. ಅಮೆರಿಕದಲ್ಲಿ ಜಿಂಕೆ ಬೇಟೆಯವರು ಬಳಸುವ ಸಾಮಾನು. ನನಗೆ ಬೇಕಿದ್ದದ್ದು ಗೌಜಲಕ್ಕಿಯ ಒಂದು ಒಳ್ಳೆ ಫೋಟೋ, ಅಷ್ಟೇ.

ಪಾಂಡವಪುರದಿಂದ ಮೇಲುಕೋಟೆಗೆ ಹೋಗುವ ದಾರಿಯಲ್ಲಿ ಒಂದು ಹುರುಳಿ ಹೊಲ. ಬೆಳಗ್ಗೆ ಆರಕ್ಕೇ ಹೋಗಿ, ಕುತ್ತಿಗೆವರೆಗೂ ಸ್ಪ್ರೇ ಹೊಡೆದುಕೊಂಡು ಕಳ್ಳಿ ಬೇಲಿ ಪಕ್ಕ ಕೂತೆ. ಕೂಗು ಹತ್ತಿರದಲ್ಲೇ ಕೇಳುತ್ತಿತ್ತು. ಕ್ಯಾಮೆರಾ ಎತ್ತಿದೆ, ಸರಸರ ಓಡಿದವು. ಎದ್ದು ಎರಡು ಹೆಜ್ಜೆ ಇಟ್ಟೆ, ಇಡೀ ಗುಂಪು ಬುರ್ರಂತ ಹಾರಿತು. ಮಾರನೇ ದಿನವೂ ಅದೇ. ಜೊತೆಗೆ ಕುತ್ತಿಗೆ ತುಂಬ ಗಂಧೆ ಎದ್ದು ತುರಿಕೆ.

ಮೂರನೇ ದಿನ ಹೊಲದ ಯಜಮಾನರು ಇಬ್ಬರು ಹುಡುಗರ ಜೊತೆ ಬಂದು ನಿಂತರು. "ಯಾರಪ್ಪ ನೀನು? ಉರುಳು ಎಲ್ಲಿ ಹಾಕಿದ್ದೀಯ?"

ಮೈಮೇಲೆ ಹಸಿರು ಮಚ್ಚೆಯ ಬಟ್ಟೆ, ಕೈಯಲ್ಲಿ ಕೋವಿ ಹಿಡಿದವನ ಚಿತ್ರ ಇರುವ ಬಾಟ್ಲಿ. ಯಾರಿಗಾದರೂ ಅನುಮಾನ ಬರುತ್ತೆ ಅಲ್ವಾ? 1972ರ ವನ್ಯಜೀವಿ ಕಾಯ್ದೆಯಲ್ಲಿ ಉರುಳಿಗೆ ಕೆಡವುವುದೂ ಬೇಟೆಯೇ. ಬ್ಯಾಗ್ ಬಿಚ್ಚಿ, ಕ್ಯಾಮೆರಾದಲ್ಲಿದ್ದ ಫೋಟೋ ಎಲ್ಲ ತೋರಿಸಿದ ಮೇಲೆ ಅರಣ್ಯ ಇಲಾಖೆಗೆ ಹೋಗಬೇಕಿದ್ದ ಫೋನ್ ನಿಂತಿತು.

ಸ್ಪ್ರೇ ಯಾಕೆ ಅಂತ ಹೇಳಿದೆ. ಯಜಮಾನರು ನಕ್ಕುಬಿಟ್ಟರು. "ಗೌಜಲಕ್ಕಿ ಏನ್ ನಾಯಾ, ಮೂಸ್ಕಂಡು ಓಡಕ್ಕೆ? ನೀನು ಕೈ ಎತ್ತಿದ್ದು ಆ ದಿಬ್ಬದಿಂದ ನಂಗೇ ಕಾಣ್ತು ಕಣಪ್ಪ."

ಆಮೇಲೆ ಓದಿದೆ. ಮೊದಲೇ ಓದಬೇಕಿತ್ತು. ಜಿಂಕೆಗೆ ಮೂಗು ಚುರುಕು, ತೋಳಕ್ಕಂತೂ ಇನ್ನೂ ಜಾಸ್ತಿ. ಗೌಜಲಕ್ಕಿ, ಕಾಡುಕೋಳಿ, ನವಿಲು ನಂಬುವುದು ಕಣ್ಣು ಕಿವಿಗಳನ್ನು. ಕಣ್ಣು ತಲೆಯ ಎರಡು ಪಕ್ಕಕ್ಕೆ ಇರುವುದರಿಂದ ಕತ್ತು ತಿರುಗಿಸದೆ ಹೆಚ್ಚುಕಮ್ಮಿ ಸುತ್ತಲೂ ಕಾಣುತ್ತದೆ. ಅಮೆರಿಕದ ಒಂದು ಜಾತಿ ರಣಹದ್ದು ವಾಸನೆ ಹಿಡಿದು ಹೆಣ ಹುಡುಕುವುದು ನಿಜ. ಆದರೆ ನಮ್ಮ ರಾಮನಗರದ ರಣಹದ್ದುಗಳೂ ಕಣ್ಣಿನಿಂದಲೇ ಹುಡುಕುವುದು.

ಬಾಟ್ಲಿ ವಾಪಸ್ ತಗೊಳ್ಳಿ ಅಂದರೆ ಅಂಗಡಿಯವರು ಸೀಲ್ ಒಡೆದಿದೆ ಅಂದರು. ದುಡ್ಡು ಹೋಯಿತು.

ಫೋಟೋ ಕೊನೆಗೂ ಸಿಕ್ಕಿತು. ಯಜಮಾನರನ್ನು ಕೇಳಿ, ಅವರ ಹುಲ್ಲಿನ ಮೆದೆ ಪಕ್ಕ, ಅವರದೇ ಕರಿ ಕಂಬಳಿ ಹೊದ್ದು ಕತ್ತಲಲ್ಲೇ ಕೂತೆ. ಕ್ಯಾಮೆರಾ ಮೊದಲೇ ಕಣ್ಣಿನ ಮಟ್ಟಕ್ಕೆ ಇಟ್ಟಿದ್ದೆ, ಕೈ ಅಲ್ಲಾಡಿಸಲಿಲ್ಲ. ಏಳೂಕಾಲಿಗೆ ಎರಡು ಹಕ್ಕಿ ಹತ್ತು ಹೆಜ್ಜೆ ದೂರಕ್ಕೆ ಬಂದು ಕೆದಕುತ್ತಾ ನಿಂತವು. ಆ ಕಂಬಳಿಯಲ್ಲಿ ಬೀಡಿ, ಸಗಣಿ, ಕುರಿ ಎಲ್ಲದರ ವಾಸನೆಯೂ ಇತ್ತು.